ಬೋಸ್ನಿಯನ್ ಸರ್ವನಾಮಗಳು: ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದಲೇ ಕಲಿಯುವ ದಾರಿ

ಬೋಸ್ನಿಯನ್ ಕಲಿಯಬೇಕು ಅಂತ ಕೂತವರಿಗೆ ಸಿಗುವ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಇಂಗ್ಲಿಷ್ ಆಡುವವರಿಗೆ ಯಾವುದು ಕಷ್ಟವೋ ಅದನ್ನೇ ಅವು ಉದ್ದುದ್ದ ವಿವರಿಸುತ್ತವೆ. 'ನನಗೆ ಚಳಿ' ಅನ್ನುವಂಥ ವಾಕ್ಯ ಅವರಿಗೆ ಹೊಸದು, ನಮಗೆ ದಿನದ ಮಾತು. 'ಯಾರೂ ಬರಲಿಲ್ಲ' ಅನ್ನುವ ರಚನೆ ಅವರಿಗೆ ತಲೆನೋವು, ನಮಗೆ ಯೋಚನೆಯೇ ಬೇಕಿಲ್ಲ. ಇನ್ನು ನಮಗೆ ಮಾತ್ರ ಆಗುವ ತೊಡಕುಗಳ ವಿಷಯ ಆ ಪಾಠಗಳಲ್ಲಿ ಬರುವುದೇ ಇಲ್ಲ.

ಆದ್ದರಿಂದ ಬೋಸ್ನಿಯನ್ ಸರ್ವನಾಮಗಳನ್ನೂ 'ಈ, ಆ, ಯಾವ, ನನ್ನ' ತರಹದ ನಿರ್ದೇಶಕ ಪದಗಳನ್ನೂ ಕನ್ನಡದಿಂದ ನೇರವಾಗಿ ಹಿಡಿಯುವುದು ಒಳ್ಳೆಯದು. ನಡುವೆ ಇಂಗ್ಲಿಷನ್ನು ತಂದರೆ ಸುಲಭದ ದಾರಿಯನ್ನು ನಾವೇ ಸುತ್ತಿ ಬಳಸಿದಂತಾಗುತ್ತದೆ.

ಮೊದಲು ಉಚ್ಚಾರಣೆ. ಬೋಸ್ನಿಯನ್ ಭಾಷೆಗೆ ಲ್ಯಾಟಿನ್ ಮತ್ತು ಸಿರಿಲಿಕ್ ಎರಡೂ ಲಿಪಿಗಳಿವೆ, ಬಳಕೆಯಲ್ಲಿ ಲ್ಯಾಟಿನ್ನೇ ಜಾಸ್ತಿ. ಬರೆದಂತೆಯೇ ಓದುವ ಭಾಷೆ ಇದು, ಆ ವಿಷಯದಲ್ಲಿ ಕನ್ನಡದ ಹಾಗೇ. ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಪದದ ಕೊನೆಯ ಅಕಾರವನ್ನು ಬಾಯಿ ತೆರೆದು, ಚಿಕ್ಕದಾದ 'ಆ' ಥರ ಹೇಳಿ. 'ಝ' ಅಂತ ಬರೆದ ಕಡೆ 'ಶ'ಕ್ಕೆ ಗಂಟಲಿನ ನಾದ ಸೇರಿಸಿ.

1. ನಾನು, ನೀನು, ಅವನು

ಯಾ ಅಂದರೆ ನಾನು, ತಿ ಅಂದರೆ ನೀನು. ಒನ್ ಅವನು, ಒನ ಅವಳು, ಒನೊ ಅದು. ಮಿ ಅಂದರೆ ನಾವು, ವಿ ಅಂದರೆ ನೀವು. ಬಹುವಚನದ 'ಅವರು' ಮಾತ್ರ ಮೂರು ಥರ: ಗಂಡಸರು ಅಥವಾ ಗಂಡು ಹೆಣ್ಣು ಸೇರಿದ ಗುಂಪು ಇದ್ದರೆ ಒನಿ, ಬರೀ ಹೆಂಗಸರಾದರೆ ಒನೆ, ನಪುಂಸಕಕ್ಕೆ ಒನ.

ಇವುಗಳನ್ನು ಕಲಿತ ಕೂಡಲೇ ವಾಕ್ಯದಿಂದ ಬಿಡುವುದನ್ನೂ ಕಲಿಯಿರಿ. 'ಮನೆಗೆ ಹೋಗ್ತಿದೀನಿ' ಅಂದರೆ ಸಾಕಲ್ವಾ? ಅಲ್ಲೂ 'ಇದೆಮ್ ಕುಚಿ' ಅಂದರೆ ಸಾಕು. ಯಾರು ಅನ್ನುವುದನ್ನು ಕ್ರಿಯಾಪದವೇ ಹೇಳುತ್ತದೆ. ಒತ್ತಿ ಹೇಳುವಾಗ ಅಥವಾ ಹೋಲಿಸುವಾಗ ಮಾತ್ರ ಸರ್ವನಾಮ ಹೊರಗೆ ಬರುತ್ತದೆ. 'ಯಾ ಇದೆಮ್, ತಿ ಒಸ್ತಾನಿ', ಅಂದರೆ ನಾನು ಹೋಗ್ತೀನಿ, ನೀನು ಇರು. ಪ್ರತಿ ವಾಕ್ಯವನ್ನೂ 'ಯಾ' ಅಂತ ಶುರು ಮಾಡಿದರೆ, ಕನ್ನಡದಲ್ಲಿ ಪ್ರತಿ ಸಲ 'ನಾನು ನಾನು' ಅಂದಂತೆಯೇ ಕೇಳಿಸುತ್ತದೆ.

ನೀನು, ನೀವು ವ್ಯತ್ಯಾಸವೂ ನಮ್ಮದೇ. ಹಿರಿಯರಿಗೆ, ಪರಿಚಯವಿಲ್ಲದವರಿಗೆ 'ವಿ', ಗೆಳೆಯರಿಗೆ, ಮಕ್ಕಳಿಗೆ 'ತಿ'. ಒಬ್ಬರಿಗೇ 'ವಿ' ಅಂದರೂ ಕ್ರಿಯಾಪದ ಬಹುವಚನದಲ್ಲಿರುತ್ತದೆ. ಪತ್ರದಲ್ಲಿ ಆ ಗೌರವದ ವಿ ದೊಡ್ಡ ಅಕ್ಷರದಲ್ಲಿ ಶುರುವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಾವು ಒಬ್ಬ ಹಿರಿಯರ ಬಗ್ಗೆ ಮಾತಾಡುವಾಗಲೂ 'ಅವರು ಬಂದರು' ಅನ್ನುತ್ತೇವೆ. ಬೋಸ್ನಿಯನ್‌ನಲ್ಲಿ ಹಾಗಿಲ್ಲ. ನಿಮ್ಮ ತಂದೆ ಬಂದರು ಅನ್ನುವುದಕ್ಕೆ 'ವಶ್ ಒತತ್ಸ್ ಯೆ ದೊಶಾವೊ', ಅಕ್ಷರಶಃ ಬಂದನು ಅಂತಲೇ. ಅದು ಅಗೌರವವಲ್ಲ. ಒಬ್ಬ ಮೇಷ್ಟ್ರ ಬಗ್ಗೆ 'ಒನಿ' ಅಂದರೆ ಕೇಳುವವರು ಎಷ್ಟು ಜನ ಮೇಷ್ಟ್ರು ಅಂತ ಯೋಚಿಸುತ್ತಾರೆ. ಕನ್ನಡಿಗರ ನಾಲಿಗೆಗೆ ಇದು ಮೊದಮೊದಲು ಇರಿಸುಮುರಿಸು. ಆದರೂ ಏಕವಚನವನ್ನೇ ರೂಢಿ ಮಾಡಿಕೊಳ್ಳಬೇಕು.

ಹೇಳುವವರ ಲಿಂಗವೂ ಮಾತಿನಲ್ಲಿ ಕಾಣುತ್ತದೆ. ಕನ್ನಡದಲ್ಲಿ ಯಾರು ಹೇಳಿದರೂ 'ಬಂದೆ'. ಅಲ್ಲಿ ಗಂಡಸು 'ದೊಶಾವೊ ಸಮ್' ಅನ್ನುತ್ತಾನೆ, ಹೆಂಗಸು 'ದೊಶ್ಲ ಸಮ್' ಅನ್ನುತ್ತಾಳೆ.

2. ವಸ್ತುವಿಗೂ ಲಿಂಗವಿದೆ

ನಮಗೆ ನಿಜವಾಗಿ ಹೊಸದಾದದ್ದು ಇದು. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಮನುಷ್ಯರಾದರೆ ಅವನು ಅಥವಾ ಅವಳು, ಮೇಜು, ಪುಸ್ತಕ, ನದಿ ಎಲ್ಲವೂ ಅದು. ಬೋಸ್ನಿಯನ್‌ನಲ್ಲಿ ಪುಸ್ತಕ ಅಂದರೆ ಕ್ನ್ಯಿಗ, ಅದು 'ಅವಳು'. ಮೇಜು ಅಂದರೆ ಸ್ತೊ, ಅದು 'ಅವನು'. ಹಳ್ಳಿ ಅಂದರೆ ಸೆಲೊ, ಅದು 'ಅದು'.

ಸಮಾಧಾನದ ವಿಷಯ ಏನೆಂದರೆ, ಪದದ ಕೊನೆಯನ್ನು ನೋಡಿಯೇ ಬಹುಪಾಲು ಊಹಿಸಬಹುದು. ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು: ಗ್ರಾದ್ ಅಂದರೆ ಊರು, ಮೊಸ್ತ್ ಅಂದರೆ ಸೇತುವೆ. ಅಕಾರದಲ್ಲಿ ಮುಗಿದರೆ ಹೆಣ್ಣು: ರಿಯೆಕ ಅಂದರೆ ನದಿ, ಕುಚ ಅಂದರೆ ಮನೆ. ಒ ಅಥವಾ ಎ ಬಂದರೆ ನಪುಂಸಕ: ಸೆಲೊ, ಮತ್ತು ಮಗು ಅನ್ನುವ ಅರ್ಥದ ದಿಯೆತೆ. ಸ್ತೊ ಥರದ ಕೆಲವು ಪದಗಳು ಈ ಲೆಕ್ಕ ತಪ್ಪುತ್ತವೆ, ಸಿಕ್ಕಾಗ ನೆನಪಿಟ್ಟುಕೊಂಡರಾಯಿತು. ಹೊಸ ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ. 'ಈ' ಅನ್ನುವ ಪದದ ಜೊತೆಗೇ ಕಲಿಯಿರಿ: ಒವಾಯ್ ಮೊಸ್ತ್, ಒವ ರಿಯೆಕ, ಒವೊ ಸೆಲೊ. ಲಿಂಗ ತಾನಾಗೇ ನಾಲಿಗೆಗೆ ಬರುತ್ತದೆ.

3. 'ನನಗೆ'ಯಿಂದ ಶುರು ಮಾಡಿ

ಪಠ್ಯಪುಸ್ತಕಗಳು ಏಳು ವಿಭಕ್ತಿಗಳ ಪಟ್ಟಿಯನ್ನು ಒಮ್ಮೆಲೇ ಮುಂದಿಡುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಶುರು ಮಾಡಬೇಡಿ ಅಂತ ನನ್ನ ಗಟ್ಟಿ ಸಲಹೆ. ಚತುರ್ಥಿ ವಿಭಕ್ತಿಯ ಚಿಕ್ಕ ರೂಪಗಳನ್ನು ಮೊದಲು ಕಲಿಯಿರಿ. ದಿನದ ಮಾತಿನಲ್ಲಿ ಇವು ಸಿಕ್ಕಾಪಟ್ಟೆ ಬರುತ್ತವೆ, ಕನ್ನಡಿಗರಿಗೆ ಸಲೀಸೂ ಹೌದು.

ಮಿ ನನಗೆ, ತಿ ನಿನಗೆ, ಮು ಅವನಿಗೆ, ಯೊಯ್ ಅವಳಿಗೆ, ನಮ್ ನಮಗೆ, ವಮ್ ನಿಮಗೆ, ಇಮ್ ಅವರಿಗೆ.

ಈಗ ಈ ವಾಕ್ಯ ನೋಡಿ: 'ಹ್ಲಾದ್ನೊ ಮಿ ಯೆ'. ಹ್ಲಾದ್ನೊ ಅಂದರೆ ಚಳಿ, ತಣ್ಣಗೆ. ಯೆ ಅಂದರೆ ಇದೆ. ಒಟ್ಟು ಅರ್ಥ ನನಗೆ ಚಳಿ ಆಗ್ತಿದೆ. ಇದನ್ನೇ ಬಾಯಿಬಿಟ್ಟು ತಿರುಗಿಸುತ್ತಾ ಹೋಗಿ: ಹ್ಲಾದ್ನೊ ತಿ ಯೆ, ಹ್ಲಾದ್ನೊ ಮು ಯೆ, ಹ್ಲಾದ್ನೊ ಯೊಯ್ ಯೆ. ಏಳು ರೂಪಗಳೂ ಒಂದೇ ವಾಕ್ಯದಲ್ಲಿ ಕೂರುತ್ತವೆ.

'ನನಗೆ' ಅಂತ ಶುರುವಾಗುವ ಕನ್ನಡ ವಾಕ್ಯಗಳನ್ನು ನೆನಪು ಮಾಡಿಕೊಳ್ಳಿ. ಅವುಗಳಲ್ಲಿ ಎಷ್ಟೋ ಅಲ್ಲೂ ಹಾಗೇ ಇವೆ. ನನಗೆ ನಿದ್ದೆ ಬರ್ತಿದೆ: 'ಸ್ಪಾವ ಮಿ ಸೆ'. ನನಗೆ ನೀರು ಬೇಕು: 'ತ್ರೆಬಾ ಮಿ ವೊದ'. ನನಗೆ ಸರಾಯೆವೊ ಇಷ್ಟ: 'ಸ್ವಿಜ ಮಿ ಸೆ ಸರಾಯೆವೊ'. ನನಗೆ ಕಾಫಿ ಕುಡಿಯಬೇಕು ಅನ್ನಿಸ್ತಿದೆ: 'ಪಿಯೆ ಮಿ ಸೆ ಕಫ'. ಯಾರನ್ನಾದರೂ ಮೊದಲ ಸಲ ಭೇಟಿಯಾದಾಗ ಹೇಳುವ 'ದ್ರಾಗೊ ಮಿ ಯೆ' ಕೂಡ ಇದೇ ಅಚ್ಚಿನದು, ನನಗೆ ಸಂತೋಷ ಅಂತ. ಬೇಸರ ಹೇಳಿಕೊಳ್ಳಲು, ಕ್ಷಮೆ ಕೇಳಲು 'ಝಾವೊ ಮಿ ಯೆ'. ಇಂಗ್ಲಿಷ್ ಮೂಲಕ ಬಂದವರು 'ನಾನು'ವನ್ನು ಕರ್ತೃವಾಗಿ ಹುಡುಕುತ್ತಾರೆ. ನಾವು ಹುಡುಕಬೇಕಾಗಿಯೇ ಇಲ್ಲ.

ಒಂದೆರಡು ಕಡೆ ಮಾತ್ರ ಹೊಂದುವುದಿಲ್ಲ. ತಲೆನೋವಿಗೆ ದ್ವಿತೀಯಾ ರೂಪ ಬರುತ್ತದೆ: 'ಬೊಲಿ ಮೆ ಗ್ಲಾವ', ತಲೆ ನನ್ನನ್ನು ನೋಯಿಸುತ್ತಿದೆ ಅನ್ನುವ ಹಾಗೆ. ಇನ್ನೊಂದು, ನಾವು 'ನಿನ್ನ ಅಮ್ಮ ಹೇಗಿದ್ದಾರೆ' ಅನ್ನುವ ಕಡೆ ಅವರು 'ಕಾಕೊ ತಿ ಯೆ ಮಾಯ್ಕ' ಅನ್ನುತ್ತಾರೆ, 'ನಿನಗೆ ಅಮ್ಮ ಹೇಗಿದ್ದಾಳೆ' ಅಂತ. ನನ್ನ ಕೀಗಳು ಎಲ್ಲಿ ಅನ್ನುವುದಕ್ಕೆ 'ಗ್ದ್ಯೆ ಸು ಮಿ ಕ್ಲ್ಯುಚೆವಿ'. ಮೈ, ಬಂಧುಗಳು, ಸ್ವಂತ ಸಾಮಾನು, ಇವುಗಳ ವಿಷಯದಲ್ಲಿ 'ನನ್ನ' ಬದಲು 'ನನಗೆ' ಬರುವುದು ಅಲ್ಲಿನ ಆಪ್ತ ಮಾತಿನ ಲಕ್ಷಣ.

4. ಚಿಕ್ಕ ರೂಪ ಎಲ್ಲಿ ಕೂರುತ್ತದೆ

'ನನ್ನನ್ನು, ಅವನನ್ನು' ಅನ್ನುವುದಕ್ಕೂ ಚಿಕ್ಕ ರೂಪಗಳಿವೆ: ಮೆ ನನ್ನನ್ನು, ತೆ ನಿನ್ನನ್ನು, ಗ ಅವನನ್ನು ಅಥವಾ ಅದನ್ನು, ಯೆ ಅವಳನ್ನು, ನಸ್ ನಮ್ಮನ್ನು, ವಸ್ ನಿಮ್ಮನ್ನು, ಇಹ್ ಅವರನ್ನು.

ಕನ್ನಡದಲ್ಲಿ 'ಅವನನ್ನು ನೋಡಿದೆ' ಅಂತಲೂ 'ನೋಡಿದೆ ಅವನನ್ನು' ಅಂತಲೂ ಹೇಳಬಹುದು. ಈ ಸ್ವಾತಂತ್ರ್ಯ ಬೋಸ್ನಿಯನ್ ಚಿಕ್ಕ ರೂಪಗಳಿಗಿಲ್ಲ. ಅವು ವಾಕ್ಯದ ಎರಡನೇ ಜಾಗದಲ್ಲೇ ಕೂರಬೇಕು. ಸ್ವಂತ ಒತ್ತು ಇಲ್ಲದ್ದರಿಂದ ಹಿಂದಿನ ಪದಕ್ಕೆ ಅಂಟಿಕೊಂಡೇ ಉಚ್ಚಾರವಾಗುತ್ತವೆ, ಮೊದಲ ಜಾಗದಲ್ಲಿ ನಿಲ್ಲುವ ಶಕ್ತಿ ಅವಕ್ಕಿಲ್ಲ. 'ವಿದಿಮ್ ಗ' ಸರಿ, 'ಗ ವಿದಿಮ್' ತಪ್ಪು. ಮುಂದೆ 'ಯಾ' ಸೇರಿಸಿದರೆ 'ಯಾ ಗ ವಿದಿಮ್'. ಇವತ್ತು ಅನ್ನುವ ದನಸ್ ಬಂದರೆ 'ದನಸ್ ಗ ನೆ ವಿದಿಮ್'. ಮೊದಲು ಯಾವ ಪದ ಬಂದರೂ ಅದರ ಬೆನ್ನಿಗೇ 'ಗ'.

ಈ ನಿಯಮದಿಂದ ಒಂದು ಗೊಂದಲವೂ ಬಗೆಹರಿಯುತ್ತದೆ. 'ಮಿ' ಅಂದರೆ ನಾವು, 'ಮಿ' ಅಂದರೆ ನನಗೆ. ವಾಕ್ಯದ ಮೊದಲ ಪದವಾಗಿ ಬಂದರೆ ಅದು 'ನಾವು' ಮಾತ್ರ ಆಗಲು ಸಾಧ್ಯ.

ಚಿಕ್ಕ ಪದಗಳು ಹಲವು ಒಟ್ಟಿಗೆ ಬಂದರೆ ಅವುಗಳಿಗೆ ಕಟ್ಟುನಿಟ್ಟಾದ ಸಾಲು ಇದೆ. ಪ್ರಶ್ನೆಯ ಲಿ ಮೊದಲು. ಆಮೇಲೆ ಸಮ್, ಸಿ, ಸ್ಮೊ ಥರದ ಸಹಾಯಕ ಕ್ರಿಯೆ. ಆಮೇಲೆ 'ಗೆ' ಅರ್ಥದ್ದು. ಆಮೇಲೆ 'ಅನ್ನು' ಅರ್ಥದ್ದು. ಆಮೇಲೆ ಸೆ. ಸಹಾಯಕ ಕ್ರಿಯೆಗಳಲ್ಲಿ ಯೆ ಒಂದು ಮಾತ್ರ ತನ್ನ ಗುಂಪು ಬಿಟ್ಟು ಕೊನೆಗೆ ಹೋಗುತ್ತದೆ. ಹೆಂಗಸು ಹೇಳುವ 'ನಿನಗೆ ಅದನ್ನು ಕೊಟ್ಟೆ': 'ದಾಲ ಸಮ್ ತಿ ಗ'. 'ಅವನು ನನಗೆ ಅದನ್ನು ಕೊಟ್ಟ': 'ದಾವೊ ಮಿ ಗ ಯೆ'. ಎರಡರಲ್ಲೂ 'ಗೆ' ಮೊದಲು, 'ಅನ್ನು' ಆಮೇಲೆ. 'ನಿನಗೆ ಅದನ್ನು ಕೊಟ್ಟೆ' ಅನ್ನುವ ಕನ್ನಡದ ಸಹಜ ಸಾಲೂ ಅದೇ ಅಲ್ವಾ?

ಯೆ ಯೆ ಅಂತ ಎರಡು ಒಟ್ಟಿಗೆ ಬರುವ ಕಡೆ ಮೊದಲನೆಯದು ಯು ಆಗುತ್ತದೆ. ಅವನು ಅವಳನ್ನು ನೋಡಿದ: 'ವಿದಿಯೊ ಯು ಯೆ'.

ಈ ಸಾಲನ್ನು ನಿಯಮವಾಗಿ ನೆನಪಿಡುವುದು ಕಷ್ಟ. 'ದಾವೊ ಮಿ ಗ ಯೆ' ಅನ್ನುವ ವಾಕ್ಯವನ್ನು ಒಂದೇ ಉಸಿರಿನಲ್ಲಿ, ಒಂದೇ ಪದದಂತೆ, ಸಾಕಾಗುವಷ್ಟು ಸಲ ಹೇಳಿ. ಬೇರೆ ವಾಕ್ಯಗಳು ಅದರ ಲಯವನ್ನೇ ಹಿಡಿಯುತ್ತವೆ.

5. ಉದ್ದ ರೂಪ ಯಾವಾಗ

ಮೆನೆ ನನ್ನನ್ನು, ಮೆನಿ ನನಗೆ, ಮ್ನೊಮ್ ನನ್ನ ಜೊತೆಗಿನ ರೂಪ. ನೀನುವಿಗೆ ತೆಬೆ, ತೆಬಿ, ತೊಬೊಮ್. ಅವನಿಗೆ ನ್ಯೆಗ, ನ್ಯೆಮು, ನ್ಯಿಮ್. ಅವಳಿಗೆ ನ್ಯು, ನ್ಯೊಯ್, ನ್ಯೊಮ್, ಜೊತೆಗೆ 'ಅವಳಿಂದ' ಅನ್ನುವಾಗ ನ್ಯೆ. ಬಹುವಚನದಲ್ಲಿ ನಸ್ ಮತ್ತು ನಮ, ವಸ್ ಮತ್ತು ವಮ, ನ್ಯಿಹ್ ಮತ್ತು ನ್ಯಿಮ. ಇಷ್ಟೇ. ಹೆಸರಿಗೆ ಏಳು ವಿಭಕ್ತಿ ಇದ್ದರೂ ರೂಪಗಳು ಒಂದರ ಮೇಲೊಂದು ಕೂತುಬಿಡುತ್ತವೆ.

ಉದ್ದ ರೂಪ ಮೂರು ಕಡೆ ಬೇಕು. ವಾಕ್ಯದ ಮೊದಲಲ್ಲಿ, ಒತ್ತಿ ಹೇಳುವಾಗ, ಮತ್ತು ಉಪಸರ್ಗದ (ಹೆಸರಿನ ಮುಂದೆ ಬರುವ ಜ಼, ಒದ್ ಥರದ ಪುಟ್ಟ ಪದ) ನಂತರ. 'ಜ಼ ಮೆನೆ' ನನಗೋಸ್ಕರ, 'ಒದ್ ನ್ಯೆಗ' ಅವನಿಂದ, 'ಒ ಮೆನಿ' ನನ್ನ ಬಗ್ಗೆ, 'ಸ ಮ್ನೊಮ್' ನನ್ನ ಜೊತೆ. ಕನ್ನಡದಲ್ಲಿ ಹಿಂದೆ ಅಂಟುವುದು ಅಲ್ಲಿ ಮುಂದೆ ಬರುತ್ತದೆ. 'ಹ್ಲಾದ್ನೊ ಮಿ ಯೆ' ಸಾಮಾನ್ಯ ಮಾತು, 'ಮೆನಿ ಯೆ ಹ್ಲಾದ್ನೊ' ಅಂದರೆ ನಿಮ್ಮ ಕಥೆ ಗೊತ್ತಿಲ್ಲ, ನನಗಂತೂ ಚಳಿ ಅನ್ನುವ ದನಿ.

6. ನನ್ನ, ನಿನ್ನ, ತನ್ನ

ಕನ್ನಡದ 'ನನ್ನ' ಎಲ್ಲಿ ಹೋದರೂ ನನ್ನ. ಬೋಸ್ನಿಯನ್‌ನ 'ಮೊಯ್' ಮುಂದಿನ ಪದವನ್ನು ನೋಡಿ ಬದಲಾಗುತ್ತದೆ: ಮೊಯ್ ಬ್ರತ್ ನನ್ನ ಅಣ್ಣ ಅಥವಾ ತಮ್ಮ, ಮೊಯ ಸೆಸ್ತ್ರ ನನ್ನ ಅಕ್ಕ ಅಥವಾ ತಂಗಿ, ಮೊಯೆ ದಿಯೆತೆ ನನ್ನ ಮಗು. ಬಹುವಚನದಲ್ಲಿ ಮೊಯಿ ಪ್ರಿಯಾತೆಲ್ಯಿ ನನ್ನ ಗೆಳೆಯರು, ಮೊಯೆ ಕ್ನ್ಯಿಗೆ ನನ್ನ ಪುಸ್ತಕಗಳು. ನಿನ್ನ ಅನ್ನುವ ತ್ವೊಯ್, ನಮ್ಮ ಅನ್ನುವ ನಶ್, ನಿಮ್ಮ ಅನ್ನುವ ವಶ್, ಎಲ್ಲವೂ ಇದೇ ದಾರಿ.

ಅವನ, ಅವಳ ಅನ್ನುವಲ್ಲಿ ಎರಡು ಲಿಂಗಗಳು ಒಂದೇ ಪದದಲ್ಲಿ ಸೇರುತ್ತವೆ. ಪದದ ಬುಡ ಯಜಮಾನರನ್ನು ಹೇಳುತ್ತದೆ, ತುದಿ ವಸ್ತುವನ್ನು ಹೇಳುತ್ತದೆ. ನ್ಯೆಗೊವ ಸೆಸ್ತ್ರ ಅಂದರೆ ಅವನ ತಂಗಿ: ಬುಡ ಗಂಡಿನದು, ತುದಿ ಹೆಣ್ಣಿನದು. ನ್ಯೆನ್ ಬ್ರತ್ ಅಂದರೆ ಅವಳ ತಮ್ಮ: ಬುಡ ಹೆಣ್ಣಿನದು, ತುದಿ ಗಂಡಿನದು. ಇಲ್ಲಿ ನಿಂತು ನಾಲ್ಕೂ ಜೋಡಿಗಳನ್ನು ಬರೆದು ನೋಡಿ, ಆಮೇಲೆ ಮುಂದೆ ಹೋಗಿ.

ನಾವು ಒಬ್ಬರೇ ಇದ್ದರೂ 'ನಮ್ಮಮ್ಮ', 'ನಮ್ಮ ಮನೆ' ಅನ್ನುತ್ತೇವೆ. ಅಲ್ಲಿ ಅದು 'ಮೊಯ ಮಾಮ'. 'ನಶ ಮಾಮ' ಅಂದರೆ ಪಕ್ಕದಲ್ಲಿ ನಿಮ್ಮ ಒಡಹುಟ್ಟಿದವರಿದ್ದಾರೆ ಅಂದುಕೊಳ್ಳುತ್ತಾರೆ. ಅವರಿಗೂ 'ನಶ್' ಪ್ರೀತಿಯ ಪದವೇ. ತಮ್ಮ ಮಾತನ್ನು ಹೆಸರಿಸುವ ಬದಲು ಸುಮ್ನೆ 'ನಶ್ ಯೆಜ಼ಿಕ್', ನಮ್ಮ ಭಾಷೆ, ಅಂತಲೋ 'ನಾಶ್ಕಿ' ಅಂತಲೋ ಅನ್ನುವವರು ಬಹಳ. ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್ ಮೂರನ್ನೂ ಅಧಿಕೃತವಾಗಿ ಇಟ್ಟುಕೊಂಡಿರುವ, 1992ರಿಂದ 1995ರವರೆಗೆ ಯುದ್ಧ ಕಂಡ ನಾಡಿನಲ್ಲಿ ಆ ಪುಟ್ಟ ಸರ್ವನಾಮ ಎಷ್ಟೋ ಮಾತುಕತೆಗಳನ್ನು ಹಗುರ ಮಾಡುತ್ತದೆ.

ಇನ್ನು 'ಸ್ವೊಯ್'. ಇದು ನಮ್ಮ 'ತನ್ನ'. 'ಒನ್ ವೊಲಿ ಸ್ವೊಯು ಮಾಯ್ಕು' ಅಂದರೆ ಅವನು ತನ್ನ ತಾಯಿಯನ್ನು ಪ್ರೀತಿಸುತ್ತಾನೆ. 'ಒನ್ ವೊಲಿ ನ್ಯೆಗೊವು ಮಾಯ್ಕು' ಅಂದರೆ ಬೇರೆ ಯಾವನೋ ಒಬ್ಬನ ತಾಯಿಯನ್ನು. ತನ್ನ ಮತ್ತು ಅವನ ಬೇರೆ ಬೇರೆ ಅನ್ನುವುದು ನಮಗೆ ಮೊದಲೇ ಗೊತ್ತು. ಒಂದೇ ವ್ಯತ್ಯಾಸ: ನಾವು 'ತನ್ನ' ಬಳಸುವುದು ಅವನು, ಅವಳಿಗೆ ಮಾತ್ರ. ಸ್ವೊಯ್ ನಾನು, ನೀನು ಎಲ್ಲರಿಗೂ ನಡೆಯುತ್ತದೆ. 'ವೊಲಿಮ್ ಸ್ವೊಯು ಮಾಯ್ಕು', ನನ್ನ ತಾಯಿಯನ್ನು ಪ್ರೀತಿಸುತ್ತೇನೆ.

ಇದರ ನೆಂಟ 'ಸೆ' ಎಷ್ಟೋ ಕಡೆ ನಮ್ಮ 'ಕೊಳ್ಳು' ಮಾಡುವ ಕೆಲಸ ಮಾಡುತ್ತದೆ. 'ಚೆಶ್ಲ್ಯಾಮ್ ಸೆ' ತಲೆ ಬಾಚಿಕೊಳ್ಳುತ್ತೇನೆ, 'ಒಬ್ಲಾಚಿಮ್ ಸೆ' ಬಟ್ಟೆ ಹಾಕಿಕೊಳ್ಳುತ್ತೇನೆ. ಯಾರೇ ಮಾಡಿದರೂ ಸೆ ಬದಲಾಗುವುದಿಲ್ಲ.

7. ಈ, ಆ, ಮತ್ತು ನಡುವಿನದು

ಕನ್ನಡಕ್ಕೆ ಈ ಮತ್ತು ಆ ಎರಡೇ. ಬೋಸ್ನಿಯನ್‌ಗೆ ಮೂರು. ಒವಾಯ್ ನನ್ನ ಹತ್ತಿರದ್ದು, ತಾಯ್ ನಿಮ್ಮ ಹತ್ತಿರದ್ದು, ಒನಾಯ್ ಇಬ್ಬರಿಗೂ ದೂರದ್ದು. ಹೆಣ್ಣಿಗೆ ಒವ, ತ, ಒನ. ನಪುಂಸಕಕ್ಕೆ ಒವೊ, ತೊ, ಒನೊ.

ಮೂರು ದೂರಗಳು ನಮ್ಮ ಭಾಷೆಗೆ ಪೂರ್ತಿ ಪರಕೀಯವೇನಲ್ಲ. ಹಳಗನ್ನಡದಲ್ಲಿ ಇವನ್, ಅವನ್ ಜೊತೆಗೆ ಉವನ್ ಕೂಡ ಇತ್ತು. ಅದು ಬಳಕೆಯಿಂದ ಹೋಯಿತು.

ಮೊಸ್ತಾರ್ ಊರಿನ ಹಳೆಯ ಕಲ್ಲು ಸೇತುವೆಯನ್ನು ಮನಸ್ಸಿಗೆ ತಂದುಕೊಳ್ಳಿ. 1566ರಲ್ಲಿ ಮುಗಿದ ಸೇತುವೆ, 1993ರ ನವೆಂಬರಿನಲ್ಲಿ ಶೆಲ್ ದಾಳಿಗೆ ನೆರೆತ್ವ ನದಿಗೆ ಕುಸಿಯಿತು, 2004ರಲ್ಲಿ ಮತ್ತೆ ಎದ್ದು ನಿಂತಿತು. ನೀವು ಅದರ ಮೇಲೇ ನಿಂತಿದ್ದರೆ 'ಒವಾಯ್ ಮೊಸ್ತ್'. ಗೆಳತಿ ಅಲ್ಲಿಂದ ಫೋನ್ ಮಾಡಿ ಅದರ ಬಗ್ಗೆ ಹೇಳಿದರೆ ನೀವು 'ತಾಯ್ ಮೊಸ್ತ್' ಅನ್ನುತ್ತೀರಿ, ಅವಳ ಬಳಿ ಇರುವುದು, ಅವಳು ಈಗಷ್ಟೇ ಹೇಳಿದ್ದು. ಇಬ್ಬರೂ ಬೇರೆಲ್ಲೋ ಕೂತು ಎಂದೋ ಕಂಡದ್ದನ್ನು ನೆನೆದರೆ 'ಒನಾಯ್ ಮೊಸ್ತ್', ಅಂದು ನೋಡಿದೆವಲ್ಲ, ಆ ಸೇತುವೆ. ಮಾತಿನಲ್ಲಿ ಈಗ ಬಂದುಹೋದದ್ದಕ್ಕೆ ತಾಯ್, ಇಬ್ಬರಿಗೂ ನೆನಪಿರುವುದಕ್ಕೆ ಒನಾಯ್. ದೂರದ ಲೆಕ್ಕಕ್ಕಿಂತ ಈ ಬಳಕೆಯೇ ದಿನವೂ ಬೇಕಾಗುವುದು.

ಇವು ವಿಭಕ್ತಿಗೂ ಬಗ್ಗುತ್ತವೆ. ಕನ್ನಡದಲ್ಲಿ 'ಈ ಊರಲ್ಲಿ' ಅನ್ನುವಾಗ ಈ ಅಲ್ಲಾಡುವುದಿಲ್ಲ, ಅಲ್ಲಿ 'ಉ ಒವೊಮ್ ಗ್ರಾದು'. ಈ ಮನೆಯಲ್ಲಿ 'ಉ ಒವೊಯ್ ಕುಚಿ'. ಈ ಪುಸ್ತಕವನ್ನು 'ಒವು ಕ್ನ್ಯಿಗು'. ಗಂಡು ಏಕವಚನದ ದ್ವಿತೀಯೆಯಲ್ಲಿ ಜೀವ ಇದೆಯೋ ಇಲ್ಲವೋ ನೋಡಬೇಕು: 'ವಿದಿಮ್ ಒವಾಯ್ ಮೊಸ್ತ್', ಆದರೆ 'ವಿದಿಮ್ ಒವೊಗ್ ಚೊವ್ಯೆಕ', ಈ ಮನುಷ್ಯನನ್ನು. ನಾವೂ 'ಪುಸ್ತಕ ತಂದೆ' ಅಂದು ಪ್ರತ್ಯಯ ಬಿಡುತ್ತೇವೆ, 'ಮನುಷ್ಯನನ್ನು ಕರೆದೆ' ಅನ್ನುವಾಗ ಬಿಡುವುದಿಲ್ಲ. ಆ ಕಿವಿ ಇಲ್ಲಿ ನೆರವಿಗೆ ಬರುತ್ತದೆ.

ಪರಿಚಯ ಮಾಡಿಸುವಾಗ ಮಾತ್ರ ಲಿಂಗ ಮರೆತುಬಿಡಿ. 'ಇವಳು ನನ್ನ ತಂಗಿ' ಅನ್ನಲು 'ಒವೊ ಯೆ ಮೊಯ ಸೆಸ್ತ್ರ'. 'ಇವರು ನನ್ನ ಗೆಳೆಯರು' ಅನ್ನಲು 'ಒವೊ ಸು ಮೊಯಿ ಪ್ರಿಯಾತೆಲ್ಯಿ'. ಮೊದಲ ಪದ ನಪುಂಸಕ ಏಕವಚನದಲ್ಲೇ ಇರುತ್ತದೆ. ಮನುಷ್ಯರನ್ನು 'ಇದು' ಅಂದಂತೆ ನಮಗೆ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ.

ಇದೇ ಮೂರರ ಮಕ್ಕಳು ಎವೊ, ಎತೊ, ಎನೊ. 'ಎವೊ ಮೆ' ಇಗೋ ಬಂದೆ, 'ಎನೊ ಗ' ಅಗೋ ಅಲ್ಲಿದ್ದಾನೆ. ಬೀದಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು.

8. ಹೀಗೆ, ಹಾಗೆ, ಹೇಗೆ

ಕನ್ನಡದಲ್ಲಿ ಇ, ಅ, ಎ ಬದಲಿಸಿದರೆ ಇಷ್ಟು, ಅಷ್ಟು, ಎಷ್ಟು ಬರುತ್ತದೆ. ಬೋಸ್ನಿಯನ್‌ನಲ್ಲಿ ಒವ್, ತ್, ಒನ್, ಕ್ ಬದಲಿಸಿ. ಒವಾಕೊ, ತಾಕೊ, ಒನಾಕೊ, ಕಾಕೊ: ಹೀಗೆ, ಹಾಗೆ, ಇನ್ನೂ ಆಚೆಯ ಹಾಗೆ, ಹೇಗೆ. ಒವೊಲಿಕೊ, ತೊಲಿಕೊ, ಒನೊಲಿಕೊ, ಕೊಲಿಕೊ: ಇಷ್ಟು, ಅಷ್ಟು, ಇನ್ನೂ ಆಚೆಯ ಅಷ್ಟು, ಎಷ್ಟು. ಒವಾಕಾವ್, ತಾಕಾವ್, ಒನಾಕಾವ್, ಕಾಕಾವ್: ಇಂಥ, ಅಂಥ, ಇನ್ನೂ ಆಚೆಯ ಅಂಥ, ಎಂಥ. ಒಂದು ಸಾಲು ಬಂದರೆ ಉಳಿದವು ಬಂದಂತೆಯೇ.

ಯಾರು ಅನ್ನುವುದಕ್ಕೆ ಕೊ, ಏನು ಅನ್ನುವುದಕ್ಕೆ ಶ್ತ. ಕನ್ನಡದಲ್ಲಿ 'ಯಾರು'ವಿಗೆ ಓ ಸೇರಿಸಿದರೆ ಯಾರೋ, ಅಲ್ಲಿ ಮುಂದೆ ನೆ ಸೇರಿಸಿ: ನೆಕೊ ಯಾರೋ, ನೆಶ್ತೊ ಏನೋ. ನಮ್ಮ ಯಾರೂ, ಏನೂ ಅನ್ನುವುದಕ್ಕೆ ನಿ ಸೇರಿಸಿ: ನಿಕೊ, ನಿಶ್ತ. ಯಾರಾದರೂ ಅನ್ನುವುದಕ್ಕೆ ಬಿಲೊ ಕೊ. ಪ್ರತಿಯೊಬ್ಬರೂ ಅನ್ನುವುದಕ್ಕೆ ಸ್ವಾಕೊ.

'ಯಾರೂ' ಬಂದ ಮೇಲೆ ಕ್ರಿಯೆಯೂ ಇಲ್ಲ ಅನ್ನಲೇಬೇಕು: 'ನಿಕೊ ನಿಯೆ ದೊಶಾವೊ', ಯಾರೂ ಬರಲಿಲ್ಲ. 'ನಿಕಾದ್ ನಿಕೊಮೆ ನಿಶ್ತ ನಿಸಮ್ ರೆಕಾವೊ' ಅನ್ನುವ ವಾಕ್ಯ ಪದಕ್ಕೆ ಪದ ಕನ್ನಡವೇ: ಯಾವತ್ತೂ ಯಾರಿಗೂ ಏನೂ ಹೇಳಲಿಲ್ಲ. ಉಪಸರ್ಗ ಬಂದಾಗ ಮಾತ್ರ ನಿ ಬಿಡಿಯಾಗಿ ಅದರ ಮುಂದೆ ನಿಲ್ಲುತ್ತದೆ: 'ನಿ ಒದ್ ಕೊಗ' ಯಾರಿಂದಲೂ, 'ನಿ ಸ್ ಕಿಮ್' ಯಾರ ಜೊತೆಗೂ.

ಇಂಗ್ಲಿಷಿನ ಆರ್ಟಿಕಲ್‌ಗಳು ಇಲ್ಲಿ ಇಲ್ಲ, ಹುಡುಕಬೇಡಿ. ಒಬ್ಬ ಮನುಷ್ಯ ಅನ್ನಬೇಕಾದ ಕಡೆ 'ಯೆದಾನ್ ಚೊವ್ಯೆಕ್', ಯಾರೋ ಒಬ್ಬ ಅನ್ನಬೇಕಾದ ಕಡೆ 'ನೆಕಿ ಚೊವ್ಯೆಕ್'.

9. ಬಂದ ಮನುಷ್ಯ

ಕೊನೆಗೆ 'ಕೊಯಿ', ಅಂದರೆ ಯಾವ. 'ಬಂದ ಮನುಷ್ಯ', 'ನಾನಿರುವ ಮನೆ' ಅಂತ ನಾವು ಕ್ರಿಯೆಯನ್ನು ಹೆಸರಿನ ಮುಂದೆ ಇಡುತ್ತೇವೆ. ಅಲ್ಲಿ ಹೆಸರು ಮೊದಲು, ಆಮೇಲೆ ಕೊಯಿ: 'ಚೊವ್ಯೆಕ್ ಕೊಯಿ ಯೆ ದೊಶಾವೊ'. ಸುಲಭ ಉಪಾಯ ಎಂದರೆ ವಾಕ್ಯವನ್ನು ಮನಸ್ಸಿನಲ್ಲಿ 'ಯಾವ ಮನೆಯಲ್ಲಿ ಇದ್ದೇನೋ ಆ ಮನೆ' ಅಂತ ಬಿಡಿಸಿಕೊಳ್ಳುವುದು. 'ಯಾವ ಮನೆಯಲ್ಲಿ' ಅನ್ನುವ ತುಂಡಿನ ವಿಭಕ್ತಿಯೇ ಕೊಯಿಗೆ ಬೇಕಾದ್ದು, ಲಿಂಗ ಮನೆಯದು: 'ಕುಚ ಉ ಕೊಯೊಯ್ ಝಿವಿಮ್'. ಯಾವ ಮನುಷ್ಯನನ್ನು ನೋಡಿದೆನೋ ಅವನು: 'ಚೊವ್ಯೆಕ್ ಕೊಯೆಗ್ ಸಮ್ ವಿದಿಯೊ'. ಯಾವ ಹೆಂಗಸಿಗೆ ಪುಸ್ತಕ ಕೊಟ್ಟೆನೋ ಅವಳು: 'ಝೆನ ಕೊಯೊಯ್ ಸಮ್ ದಾವೊ ಕ್ನ್ಯಿಗು'. ಕೊಯೊಯ್ ಬೆನ್ನಿಗೆ ಸಮ್ ಬಂದದ್ದನ್ನು ಗಮನಿಸಿ, ಎರಡನೇ ಜಾಗದ ನಿಯಮ ಒಳವಾಕ್ಯದಲ್ಲೂ ನಡೆಯುತ್ತದೆ.

ಇಷ್ಟು ಕಲಿತವರು ಗಡಿ ದಾಟಿ ಕ್ರೊಯೇಷಿಯಾದ ಜ಼ಾಗ್ರೆಬ್‌ಗೆ ಹೋದರೂ ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. ಅಲ್ಲಿ ಬರಹದಲ್ಲಿ ಕೊ ಬದಲು ತ್ಕೊ, ಶ್ತ ಬದಲು ಶ್ತೊ, ನಿಕೊ ಬದಲು ನಿತ್ಕೊ ಕಾಣುತ್ತದೆ. ಬೆಲ್‌ಗ್ರೇಡ್‌ನಲ್ಲಿ ಕೊ, ಶ್ತ ಹಾಗೇ ಇರುತ್ತವೆ, ಸಿರಿಲಿಕ್ ಫಲಕಗಳು ಮಾತ್ರ ಜಾಸ್ತಿ. ಮಿ, ತಿ, ಗ, ಸೆಗಳ ಸಾಲು ಎರಡೂ ಕಡೆ ಇದೇ.